ಹುಗಿದ ಕೊಳವೆಯ ಸುರಕ್ಷತೆ: ವಿಜಯಪುರದ ಮಣ್ಣಿನ ಕೊಳವೆಯಿಂದ ಹುಬ್ಬಳ್ಳಿ-ಧಾರವಾಡದ ಪ್ಲಾಸ್ಟಿಕ್ ಕೊಳವೆಯವರೆಗೆ

೧

ನಗರಗಳ ಇತಿಹಾಸವನ್ನು ಬರೆದವರು ಕೋಟೆ-ಕೊತ್ತಲ, ಅರಮನೆ, ದೇವಾಲಯ, ಮಸೀದಿಗಳ ವಿಷಯವಾಗಿ ವಿಸ್ತಾರವಾಗಿ ಬರೆದಿದ್ದಾರೆ. ಕೆರೆ-ಬಾವಿಗಳ ವಿಷಯವಾಗಿ ನಮ್ಮ ಶಾಸನಗಳೂ ಧಾರಾಳವಾಗಿ ಮಾತನಾಡುತ್ತವೆ. ಕೆರೆಯನ್ನು ಕಟ್ಟಿಸಿದವನ ಹೆಸರು, ತೂಬನ್ನು ಇಡಿಸಿದವನ ಹೆಸರು, ಅದರ ಜೀರ್ಣೋದ್ಧಾರಕ್ಕೆ ಬಿಟ್ಟ ಭೂಮಿಯ ಎಲ್ಲೆ, ಇವೆಲ್ಲವೂ ಕಲ್ಲಿನ ಮೇಲೆ ಉಳಿದುಬಂದಿವೆ. ಆದರೆ ನೆಲದೊಳಗೆ ಹುಗಿದ ಕೊಳವೆ ಇತಿಹಾಸಕಾರನ ಕಣ್ಣಿಗೆ ಬೀಳುವುದು ಅಪರೂಪ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾದುದಿಲ್ಲ. ಕೊಳವೆ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವವರೆಗೆ ಯಾರಿಗೂ ಕಾಣುವುದಿಲ್ಲ. ಒಡೆದು ನೀರು ಬೀದಿಗೆ ಹರಿದಾಗ ಅಥವಾ ಓಣಿಯಲ್ಲಿ ಬೇನೆ ಹಬ್ಬಿದಾಗ ಮಾತ್ರ ಅದರ ನೆನಪಾಗುತ್ತದೆ.

ಪ್ರಸ್ತುತ ಲೇಖನದಲ್ಲಿ ನಾವು ಉತ್ತರ ಕರ್ನಾಟಕದ ಹುಗಿದ ಕೊಳವೆಯ ಇತಿಹಾಸವನ್ನು ಸಂಕ್ಷೇಪವಾಗಿ ಪರಿಶೀಲಿಸಲು ಉದ್ದೇಶಿಸಿದ್ದೇವೆ. ಪರಿಶೀಲನೆಯ ಕೇಂದ್ರದಲ್ಲಿರುವ ಪ್ರಶ್ನೆ ಒಂದೇ: ಕಣ್ಣಿಗೆ ಕಾಣದ ಕೊಳವೆಯನ್ನು ಸುರಕ್ಷಿತವನ್ನಾಗಿ ಮಾಡುವುದು ಯಾವುದು? ಅದು ಯಾವ ವಸ್ತುವಿನಿಂದ ಆಗಿದೆಯೆಂಬುದೋ, ಅಥವಾ ಅದರೊಳಗಿನ ನೀರಿನ ಒತ್ತಡವನ್ನು ಆಳುವ ವ್ಯವಸ್ಥೆಯೋ? ಮಣ್ಣು, ಕಬ್ಬಿಣ, ಪ್ಲಾಸ್ಟಿಕ್ ಎಂದು ವಸ್ತು ಬದಲಾದಂತೆಲ್ಲ ಸಮಸ್ಯೆ ಬಗೆಹರಿಯಿತೆಂದು ಪ್ರತಿಯೊಂದು ತಲೆಮಾರೂ ಭಾವಿಸಿದಂತೆ ಕಾಣುತ್ತದೆ. ಇತಿಹಾಸದ ಸಾಕ್ಷ್ಯ ಬೇರೊಂದು ನಿರ್ಣಯದ ಕಡೆಗೆ ಬೆರಳು ತೋರಿಸುತ್ತದೆಂಬುದು ನಮ್ಮ ಅಭಿಪ್ರಾಯ. ನಡುವೆ ಒಂದೆಡೆ ನಾವು ಶೀತದೇಶಗಳ ಮನೆಗಳ ಬೆಚ್ಚನೆಯ ನೆಲದ ಕಡೆಗೂ ಹೊರಳಬೇಕಾಗುವುದು; ಏಕೆಂದರೆ ಪ್ಲಾಸ್ಟಿಕ್ ಕೊಳವೆಯನ್ನು ಹುಗಿಯುವ ವಿದ್ಯೆ ಅತ್ಯಂತ ಕಟ್ಟುನಿಟ್ಟಾದ ನಿಯಮಗಳನ್ನು ಪಡೆದದ್ದು ಅಲ್ಲಿ.

೨

ವಿಜಯನಗರದ ಅರಮನೆಯ ಆವರಣದಲ್ಲಿ ಕಲ್ಲಿನ ತೆರೆದ ಕಾಲುವೆಗಳ ಜೊತೆಗೆ ಸುಟ್ಟ ಮಣ್ಣಿನ ಕೊಳವೆಗಳೂ ದೊರೆತಿವೆ. ಆದರೆ ಒಂದು ದೊಡ್ಡ ಪಟ್ಟಣಕ್ಕೆ ಕೊಳವೆಯ ಮೂಲಕ ನೀರು ತಂದ ವ್ಯವಸ್ಥೆಯನ್ನು ಪೂರ್ಣರೂಪದಲ್ಲಿ ನೋಡಬೇಕಾದರೆ ನಾವು ಆದಿಲಶಾಹಿಗಳ ವಿಜಯಪುರಕ್ಕೆ ಹೋಗಬೇಕು. ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ, ಎಂದರೆ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ, ಊರಿನ ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ಸುರಂಗದ ಮೂಲಕ ನೀರು ಬಂದಿತು. ಮುಂದೆ ಪಟ್ಟಣ ಬೆಳೆದು ಆ ನೀರು ಸಾಲದಾದಾಗ, ಮಹಮ್ಮದ ಆದಿಲಶಾಹನು ೧೬೫೧ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಲಾಬ್ ಎಂಬ ಕೆರೆಯನ್ನು ಕಟ್ಟಿಸಿದನು. ಅಲ್ಲಿಂದ ಪಟ್ಟಣದೊಳಗೆ ನೀರು ಬಂದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಒಂದರ ಬಾಯಿಯಲ್ಲಿ ಇನ್ನೊಂದನ್ನು ಸೇರಿಸಿ, ಸುತ್ತಲೂ ಗಾರೆ-ಕಲ್ಲಿನ ಕಟ್ಟಡದ ಕವಚ ಕೊಟ್ಟು, ಅವುಗಳನ್ನು ನೆಲದಾಳದಲ್ಲಿ ಹುಗಿದಿದ್ದರು.

ಮಣ್ಣಿನ ಕೊಳವೆಯ ದೌರ್ಬಲ್ಯ ಎಲ್ಲರಿಗೂ ತಿಳಿದುದೇ. ಅದು ಒಳಗಿನಿಂದ ತಳ್ಳುವ ಬಲವನ್ನು ತಾಳಲಾರದು. ನೀರಿನ ಮಟ್ಟ ಕೊಳವೆಗಿಂತ ೧೦ ಮೀಟರು ಮೇಲಿದ್ದರೆ ಕೊಳವೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ೧ ಕಿಲೋಗ್ರಾಮಿನಷ್ಟು ಒತ್ತಡ ಬೀಳುತ್ತದೆ. ಎತ್ತರದ ಕೆರೆಯಿಂದ ತಗ್ಗಿನ ಪಟ್ಟಣಕ್ಕೆ ಮೈಲುಗಟ್ಟಲೆ ಮುಚ್ಚಿದ ಕೊಳವೆಯನ್ನು ನಡುವೆ ಎಲ್ಲಿಯೂ ಬಿಡುವಿಲ್ಲದೆ ಒಯ್ದರೆ, ಮಟ್ಟದ ವ್ಯತ್ಯಾಸವೆಲ್ಲ ಕೂಡಿಕೊಂಡು ತಗ್ಗಿನ ತುದಿಯಲ್ಲಿ ಕೊಳವೆಯನ್ನು ಸೀಳಿಬಿಡುವುದು. ವಿಜಯಪುರದ ಶಿಲ್ಪಿಗಳು ಇದಕ್ಕೆ ಕಂಡುಕೊಂಡ ಉಪಾಯವೇ ‘ಗಂಜ್’ ಎಂದು ಕರೆಯಲ್ಪಡುವ ನೀರಿನ ಗೋಪುರಗಳು. ಸುಮಾರು ೨೫ರಿಂದ ೪೦ ಅಡಿ ಎತ್ತರದ ಈ ಗೋಪುರಗಳು ಇಂದಿಗೂ ಊರಿನ ಅಲ್ಲಲ್ಲಿ ನಿಂತಿವೆ. ಕೊಳವೆಯ ನೀರು ಗೋಪುರದೊಳಗೆ ಮೇಲೇರಿ, ಅಲ್ಲಿ ಗಾಳಿಗೆ ತೆರೆದುಕೊಂಡು, ಮತ್ತೊಂದು ಕೊಳವೆಯಲ್ಲಿ ಇಳಿದು ಮುಂದೆ ಸಾಗುತ್ತಿತ್ತು. ನೀರು ಗಾಳಿಗೆ ತೆರೆದುಕೊಂಡಲ್ಲಿ ಹಿಂದಿನ ಒತ್ತಡವೆಲ್ಲ ಅಳಿದುಹೋಗುತ್ತದೆ. ಮುಂದಿನ ಕೊಳವೆಯ ಮೇಲೆ ಬೀಳುವ ಒತ್ತಡ ಆ ಗೋಪುರದ ನೀರಿನ ಮಟ್ಟದಿಂದ ಮಾತ್ರ ಲೆಕ್ಕವಾಗುತ್ತದೆ. ನೀರಿನಲ್ಲಿದ್ದ ಹೂಳೂ ಗೋಪುರದ ತಳದಲ್ಲಿ ನಿಲ್ಲುತ್ತಿತ್ತು.

ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ವಿಜಯಪುರದವರು ಮಣ್ಣಿಗಿಂತ ಗಟ್ಟಿಯಾದ ವಸ್ತುವನ್ನು ಹುಡುಕಿ ಈ ತೊಡಕನ್ನು ಬಿಡಿಸಲಿಲ್ಲ. ಕೊಳವೆ ತಾಳಬಲ್ಲ ಮಿತಿಯನ್ನು ಅರಿತು, ಒತ್ತಡವು ಆ ಮಿತಿಯನ್ನು ಮೀರದಂತೆ ಮಾರ್ಗವನ್ನು ತುಂಡುತುಂಡಾಗಿ ವಿಭಾಗಿಸಿದರು. ಗೋಲಗುಮ್ಮಟವನ್ನು ನೋಡಲು ಹೋಗುವ ನಮ್ಮ ವಿದ್ಯಾರ್ಥಿಗಳು ಈ ಗಂಜುಗಳನ್ನೂ ನೋಡಿಬರುವುದು ಅವಶ್ಯ. ಅವು ಅಲಂಕಾರವಿಲ್ಲದ ಕಟ್ಟಡಗಳು. ಆದರೆ ಮಣ್ಣಿನಂಥ ಒಡೆಯುವ ವಸ್ತುವಿನಿಂದಲೂ ಒಂದು ರಾಜಧಾನಿಗೆ ನೀರುಣಿಸಬಹುದೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣ.

೩

ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಆಡಳಿತದಲ್ಲಿ ನಮ್ಮ ಭಾಗದ ಊರುಗಳಿಗೆ ಪುರಸಭೆಗಳು ಬಂದವು. ಹುಬ್ಬಳ್ಳಿಯ ಪುರಸಭೆ ೧೮೫೫ರಲ್ಲಿಯೂ ಧಾರವಾಡದ್ದು ೧೮೫೬ರಲ್ಲಿಯೂ ಸ್ಥಾಪಿತವಾದವು. ನೀರಿನ ಪೂರೈಕೆ ಊರಿನ ಸಾಮೂಹಿಕ ಹೊಣೆಯೆಂಬ ಭಾವನೆ ಕ್ರಮೇಣ ಆಡಳಿತದ ರೂಪ ತಾಳಿತು. ಹುಬ್ಬಳ್ಳಿಗೆ ಉಣಕಲ್ ಕೆರೆಯೂ ಧಾರವಾಡಕ್ಕೆ ಕೆಲಗೇರಿ ಕೆರೆಯೂ ಆಧಾರವಾದವು. ೧೮೮೪ರಿಂದ ೧೯೦೮ರವರೆಗೆ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಧಾರವಾಡ, ವಿಜಯಪುರ ಮೊದಲಾದ ಊರುಗಳ ನೀರಿನ ಯೋಜನೆಗಳಲ್ಲಿ ಕೆಲಸ ಮಾಡಿದವರೆಂಬುದನ್ನು ಇಲ್ಲಿ ನೆನೆಯಬಹುದು. ಗಂಜುಗಳ ಊರಿಗೂ ಕೆಲಗೇರಿಯ ಊರಿಗೂ ಒಬ್ಬನೇ ಎಂಜಿನಿಯರನು ಲೆಕ್ಕ ಹಾಕಿದನೆಂಬುದು ಎರಡು ಯುಗಗಳನ್ನು ಜೋಡಿಸುವ ಕೊಂಡಿಯಾಗಿದೆ.

ಈ ಹೊಸ ಯುಗದ ವಸ್ತು ಕಬ್ಬಿಣ. ಹದಿನೇಳನೆಯ ಶತಮಾನದಲ್ಲಿಯೇ ಫ್ರಾನ್ಸಿನ ವರ್ಸಾಯ್ ಅರಮನೆಯ ಕಾರಂಜಿಗಳಿಗೆ ಎರಕದ ಕಬ್ಬಿಣದ ಕೊಳವೆಗಳನ್ನು ಹಾಕಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವು ಲೋಕದ ಎಲ್ಲ ದೊಡ್ಡ ನಗರಗಳನ್ನೂ ವ್ಯಾಪಿಸಿದವು. ಕಬ್ಬಿಣ ಬಂದ ಮೇಲೆ ಗಂಜಿನಂಥ ಗೋಪುರಗಳ ಅವಶ್ಯಕತೆ ಬಹುಮಟ್ಟಿಗೆ ತಪ್ಪಿತು. ಒತ್ತಡವನ್ನು ತಗ್ಗಿಸುವುದಕ್ಕೆ ಬದಲಾಗಿ ಅದನ್ನು ಬಳಸಿಕೊಂಡು ಎತ್ತರದ ಮನೆಗಳಿಗೂ ನೀರೇರಿಸುವುದು ಸಾಧ್ಯವಾಯಿತು.

ಆದರೆ ಕಬ್ಬಿಣವು ತನ್ನದೇ ಆದ ದೋಷಗಳನ್ನು ಹೊತ್ತು ತಂದಿತು. ಅದು ಒಳಗೂ ಹೊರಗೂ ತುಕ್ಕು ಹಿಡಿಯುತ್ತದೆ. ಗಿಡ್ಡ ಗಿಡ್ಡ ತುಂಡುಗಳನ್ನು ಜೋಡಿಸಿ ಹಾಕುವುದರಿಂದ ಸಂದುಗಳ ಸಂಖ್ಯೆ ಹೆಚ್ಚು. ಸೋರಿಕೆ ಪ್ರಾರಂಭವಾಗುವುದೇ ಸಂದಿನಲ್ಲಿ. ಮೇಲಾಗಿ ಹುಬ್ಬಳ್ಳಿಯಿಂದ ಪೂರ್ವಕ್ಕೆ ಹೋದಂತೆ ಎರೆನೆಲ ಹರಡಿಕೊಂಡಿದೆ. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುವುದನ್ನು ನಮ್ಮ ರೈತರು ಚೆನ್ನಾಗಿ ಬಲ್ಲರು. ಹಾಗೆ ವರ್ಷಕ್ಕೊಮ್ಮೆ ಏಳುವ ಇಳಿಯುವ ನೆಲದಲ್ಲಿ ಬಾಗಲಾರದ ಕೊಳವೆಯ ಸಂದುಗಳು ಸಡಿಲುವುದು ಸಹಜ. ಮಣ್ಣಿನ ಕೊಳವೆಗೆ ಒಳಗಿನ ಒತ್ತಡ ಶತ್ರುವಾಗಿದ್ದರೆ, ಕಬ್ಬಿಣದ ಕೊಳವೆಗೆ ಕಾಲ ಮತ್ತು ನೆಲ ಶತ್ರುಗಳಾದವು.

೪

ಮೂರನೆಯ ವಸ್ತುವಿನ ಜನನ ಆಕಸ್ಮಿಕ. ೧೯೩೩ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರೆಜಿನಾಲ್ಡ್ ಗಿಬ್ಸನ್ ಮತ್ತು ಎರಿಕ್ ಫಾಸೆಟ್ ಎಂಬ ರಸಾಯನಶಾಸ್ತ್ರಜ್ಞರು ಎಥಿಲೀನ್ ಅನಿಲವನ್ನು ಅತಿಯಾದ ಒತ್ತಡಕ್ಕೆ ಗುರಿಪಡಿಸಿದಾಗ ಪಾತ್ರೆಯಲ್ಲಿ ಮೇಣದಂಥ ಬಿಳಿಯ ಪದಾರ್ಥ ಉಳಿದಿತ್ತು. ಅದೇ ಪಾಲಿಎಥಿಲೀನ್, ರೂಢಿಯ ಮಾತಿನಲ್ಲಿ ಪಾಲಿಥೀನ್. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರನು ಅದನ್ನು ಕಡಿಮೆ ಒತ್ತಡದಲ್ಲಿ, ಹೆಚ್ಚು ಸಾಂದ್ರವಾಗಿ ಮಾಡುವ ವಿಧಾನವನ್ನು ಕಂಡುಹಿಡಿದನು. ೧೯೬೩ರ ನೊಬೆಲ್ ಪಾರಿತೋಷಕ ಅವನಿಗೂ ಇಟಲಿಯ ಜ್ಯೂಲಿಯೊ ನಟ್ಟನಿಗೂ ಸಂದಿತು. ಆ ಸಾಂದ್ರ ಪಾಲಿಎಥಿಲೀನಿನಿಂದ ನೀರಿನ ಕೊಳವೆ ಮಾಡುವುದು ೧೯೫೦ರ ದಶಕದಲ್ಲಿಯೇ ಆರಂಭವಾಯಿತು. ಭಾರತದಲ್ಲಿ ಇಂಥ ಕೊಳವೆಗಳಿಗೆ ಐ.ಎಸ್. ೪೯೮೪ ಎಂಬ ಮಾನಕವಿದೆ.

ಈ ವಸ್ತುವಿನ ಗುಣಗಳು ಎರೆನೆಲದ ನಾಡಿಗೆ ಒಪ್ಪುವಂಥವು. ಅದು ತುಕ್ಕು ಹಿಡಿಯದು. ನೆಲ ಕದಲಿದರೆ ತಾನೂ ಬಾಗುತ್ತದೆ. ತುಂಡುಗಳ ತುದಿಗಳನ್ನು ಕಾಯಿಸಿ ಒಂದಕ್ಕೊಂದು ಒತ್ತಿದರೆ ಎರಡೂ ಕರಗಿ ಒಂದೇ ಆಗುತ್ತವೆ. ಆದರೆ ಅವಗುಣಗಳನ್ನೂ ಮರೆಮಾಚಬಾರದು. ಬಿಸಿ ಏರಿದಂತೆ ಅದರ ತಾಳಿಕೆ ಇಳಿಯುತ್ತದೆ. ೧೦ ಮೀಟರು ಉದ್ದದ ಕೊಳವೆ ೨೦ ಅಂಶ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ, ಕಬ್ಬಿಣದ್ದು ಎರಡೂವರೆ ಮಿಲಿಮೀಟರಿಗಿಂತ ಕಡಿಮೆ ಹಿಗ್ಗಿದರೆ ಪಾಲಿಎಥಿಲೀನಿನದು ಮೂವತ್ತರಿಂದ ನಲವತ್ತು ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಕೊನೆಯದಾಗಿ, ಅದರ ಗೋಡೆ ನೀರನ್ನು ತಡೆದರೂ ಕೆಲವು ಅನಿಲಗಳನ್ನೂ ಪೆಟ್ರೋಲಿನಂಥ ತೈಲಗಳ ಅಂಶವನ್ನೂ ಪೂರ್ಣವಾಗಿ ತಡೆಯಲಾರದು. ಪೆಟ್ರೋಲು ಇಂಗಿದ ನೆಲದಲ್ಲಿ ಕುಡಿಯುವ ನೀರಿನ ಪ್ಲಾಸ್ಟಿಕ್ ಕೊಳವೆ ಹಾಕಬಾರದೆಂಬ ನಿಯಮ ಇದರಿಂದಲೇ ಹುಟ್ಟಿದೆ.

೫

ಈ ಗುಣಾವಗುಣಗಳನ್ನು ತೂಗಿನೋಡಿ ನಿಯಮಗಳನ್ನು ಕಟ್ಟಿದ ಕ್ಷೇತ್ರ ಯಾವುದೆಂದರೆ ನೆಲವನ್ನು ಬೆಚ್ಚಗಿಡುವ ವಿದ್ಯೆ. ನಮ್ಮ ಧಾರವಾಡದ ಚಳಿಗೆ ಬಚ್ಚಲ ಒಲೆಯ ಮೇಲಿನ ಹಂಡೆಯ ನೀರು ಸಾಕು. ನೆಲವನ್ನು ಕಾಯಿಸುವ ಪ್ರಸಂಗ ಇಲ್ಲಿಲ್ಲ. ಶೀತದೇಶಗಳ ಸಂಗತಿ ಬೇರೆ. ಪ್ರಾಚೀನ ರೋಮನರು ಸ್ನಾನಗೃಹದ ನೆಲವನ್ನು ಗಿಡ್ಡ ಕಂಬಗಳ ಮೇಲೆ ಎತ್ತಿ ಅದರಡಿಯಲ್ಲಿ ಬೆಂಕಿಯ ಬಿಸಿಗಾಳಿಯನ್ನು ಹರಿಸುತ್ತಿದ್ದರು. ಕೊರಿಯದ ಮನೆಗಳಲ್ಲಿ ಅಡುಗೆ ಒಲೆಯ ಹೊಗೆಯನ್ನೇ ಕಲ್ಲುನೆಲದಡಿಯಲ್ಲಿ ಹಾಯಿಸುವ ಪದ್ಧತಿ ಬೆಳೆಯಿತು. ಕಾಶ್ಮೀರದ ಹಮಾಮುಗಳ ಕಲ್ಲುನೆಲವೂ ಇಂಥದೇ. ಇವುಗಳಲ್ಲಿ ಹರಿಯುವುದು ಬಿಸಿಗಾಳಿ. ಒತ್ತಡದ ಪ್ರಶ್ನೆ ಅಲ್ಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಗಾಳಿಯ ಸ್ಥಾನಕ್ಕೆ ಕೊಳವೆಯಲ್ಲಿ ಹರಿಯುವ ಬಿಸಿನೀರು ಬಂದಿತು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ೧೯೩೦ರ ದಶಕದಲ್ಲಿ ತನ್ನ ಮನೆಗಳ ನೆಲದಡಿ ಇಂಥ ಕೊಳವೆಗಳನ್ನು ಹಾಕಿಸಿದನು. ೧೯೪೭ರಲ್ಲಿ ಕಟ್ಟಲು ತೊಡಗಿದ ನ್ಯೂಯಾರ್ಕಿನ ಬಳಿಯ ಲೆವಿಟ್‌ಟೌನ್ ಎಂಬ ಬಡಾವಣೆಯ ಸಾವಿರಾರು ಮನೆಗಳಲ್ಲಿ ತಾಮ್ರದ ಕೊಳವೆಗಳನ್ನು ಕಾಂಕ್ರೀಟಿನಲ್ಲಿ ಹುದುಗಿಸಿದರು. ಕೆಲವು ದಶಕಗಳೊಳಗೆ ಅವು ಹಲವಾರು ಮನೆಗಳಲ್ಲಿ ಸವೆದು ಸೋರಿದವು. ಸೋರಿಕೆಯ ಜಾಗವನ್ನು ಪತ್ತೆಹಚ್ಚಲು ನೆಲವನ್ನೇ ಒಡೆಯಬೇಕಾಗಿ ಬಂದುದರಿಂದ ಅನೇಕರು ಆ ಕೊಳವೆಗಳನ್ನು ಅಲ್ಲಿಯೇ ಬಿಟ್ಟು ಬೇರೆ ಏರ್ಪಾಡು ಮಾಡಿಕೊಂಡರು. ಗಟ್ಟಿಯಾದ, ಬೆಲೆಯುಳ್ಳ ಲೋಹವೂ ಹುಗಿದ ಮೇಲೆ ಕೈಕೊಡಬಹುದೆಂಬ ಪಾಠವನ್ನು ಇದು ಕಲಿಸಿತು.

೧೯೬೦ರ ದಶಕದಲ್ಲಿ ಜರ್ಮನಿಯ ಥಾಮಸ್ ಎಂಗೆಲನು ಪಾಲಿಎಥಿಲೀನಿನ ಅಣುಸರಪಳಿಗಳನ್ನು ಒಂದಕ್ಕೊಂದು ಅಡ್ಡವಾಗಿ ಬೆಸೆದು, ಬಿಸಿಯನ್ನು ತಾಳುವ ಹೊಸ ಪ್ಲಾಸ್ಟಿಕನ್ನು ಸಿದ್ಧಪಡಿಸಿದನು. ೧೯೭೨ರಲ್ಲಿ ಸ್ವೀಡನಿನ ವಿರ್ಸ್‌ಬೊ ಕಾರಖಾನೆ ಅದರಿಂದ ಕೊಳವೆ ಮಾಡತೊಡಗಿತು. ಆದರೆ ಈ ಕೊಳವೆಯೂ ಕೂಡಲೇ ನಿರಪಾಯಕರವಾಗಲಿಲ್ಲ. ಗೋಡೆಯ ಮೂಲಕ ಗಾಳಿಯ ಆಮ್ಲಜನಕ ಒಳಸೇರಿ, ಕೊಳವೆಗೆ ಏನೂ ಆಗದಿದ್ದರೂ, ಅದಕ್ಕೆ ಜೋಡಿಸಿದ ಉಕ್ಕಿನ ಬಾಯ್ಲರು ತುಕ್ಕು ಹಿಡಿಯಿತು. ಇದನ್ನು ತಡೆಯಲು ಕೊಳವೆಯ ಮೇಲೆ ಆಮ್ಲಜನಕವನ್ನು ತಡೆಯುವ ತೆಳು ಪದರವನ್ನು ಹೊದಿಸಬೇಕಾಯಿತು. ಜರ್ಮನಿಯಲ್ಲಿ ಅದಕ್ಕೊಂದು ಮಾನಕವೂ ಬಂದಿತು.

ಈ ಅನುಭವಗಳಿಂದ ಬೆಳೆದ ನಿಯಮಗಳನ್ನು ಇಲ್ಲಿ ಒಟ್ಟುಗೂಡಿಸಿ ಹೇಳಬಹುದು. ಮೊದಲನೆಯದಾಗಿ, ನೆಲದೊಳಗಿನ ಕೊಳವೆ ಸಂದಿಲ್ಲದ ಒಂದೇ ಸುರುಳಿಯಾಗಿರಬೇಕು. ಅದರ ಎರಡೂ ತುದಿಗಳು ಕಾಣುವ ಜಾಗದಲ್ಲಿ ಮೇಲೆ ಬರಬೇಕು. ಎರಡನೆಯದಾಗಿ, ಕಾಂಕ್ರೀಟು ಸುರಿಯುವ ಮೊದಲೇ ಕೊಳವೆಯಲ್ಲಿ ಒತ್ತಡ ತುಂಬಿ ಪರೀಕ್ಷಿಸಬೇಕು. ಸುರಿಯುವಾಗಲೂ ಒತ್ತಡವನ್ನು ಹಾಗೆಯೇ ಇಟ್ಟಿರಬೇಕು. ಕೆಲಸಗಾರನ ಸಲಿಕೆ ತಗುಲಿ ಕೊಳವೆ ತೂತಾದರೆ ಒತ್ತಡಮಾಪಕದ ಮುಳ್ಳು ಆಗಲೇ ಇಳಿದು ತೋರಿಸುತ್ತದೆ. ಮೂರನೆಯದಾಗಿ, ನೀರಿನ ಬಿಸಿಯನ್ನು ಮಿತಿಯಲ್ಲಿಡುವ ಕವಾಟವಿರಬೇಕು. ಜನರು ಓಡಾಡುವ ನೆಲದ ಮೇಲ್ಮೈ ೨೯ ಅಂಶ ಸೆಲ್ಸಿಯಸ್‌ ಮೀರಕೂಡದೆಂಬುದು ಯುರೋಪಿನ ಮಾನಕ. ನಾಲ್ಕನೆಯದಾಗಿ, ನೆಲ ಕಾಯಿಸುವ ನೀರನ್ನು ಕುಡಿಯುವ ನೀರಿನಿಂದ ಪೂರ್ಣವಾಗಿ ಪ್ರತ್ಯೇಕಿಸಬೇಕು. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ೧೯೭೬ರಲ್ಲಿ ಫಿಲಡೆಲ್ಫಿಯದಲ್ಲಿ ಅನೇಕರ ಸಾವಿಗೆ ಕಾರಣವಾದ ಲೀಜಿಯೊನೆಲ್ಲ ಎಂಬ ಜೀವಾಣು ಬೆಳೆಯುವುದೂ ಇಂಥ ನೀರಿನಲ್ಲಿಯೇ.

ಈ ನಾಲ್ಕು ನಿಯಮಗಳಲ್ಲಿ ಪ್ಲಾಸ್ಟಿಕಿನ ಬಗೆಗೆ ನಂಬುಗೆಯನ್ನು ಸೂಚಿಸುವಂಥದು ಒಂದೂ ಇಲ್ಲವೆಂಬುದನ್ನು ವಾಚಕರು ಲಕ್ಷಿಸಬೇಕು. ಸಂದನ್ನು ಕಾಣುವಂತಿಡುವುದು, ಒತ್ತಡವನ್ನು ಕಾಯ್ದುಕೊಳ್ಳುವುದು, ಮಿತಿಯನ್ನು ಮೀರದಿರುವುದು, ಶುದ್ಧ-ಅಶುದ್ಧ ನೀರುಗಳನ್ನು ಬೆರೆಯಗೊಡದಿರುವುದು, ಇವೆಲ್ಲ ವ್ಯವಸ್ಥೆಯ ನಿಯಮಗಳು. ಈ ಅಳತೆಗೋಲನ್ನು ಹಿಡಿದು ಇನ್ನು ಹುಬ್ಬಳ್ಳಿ-ಧಾರವಾಡಕ್ಕೆ ಮರಳೋಣ.

೬

ಎರಡು ಊರುಗಳು ಬೆಳೆದಂತೆ ಕೆರೆಗಳ ನೀರು ಸಾಲದಾಯಿತು. ೧೯೫೦ರ ದಶಕದಲ್ಲಿ ಕಲಘಟಗಿಯ ಕಡೆಗೆ ಬೇಡ್ತಿ ಹಳ್ಳಕ್ಕೆ ಕಟ್ಟಿದ ನೀರಸಾಗರ ಜಲಾಶಯದಿಂದ ಹುಬ್ಬಳ್ಳಿಗೆ ನೀರು ಬಂದಿತು. ೧೯೬೨ರಲ್ಲಿ ಎರಡೂ ಊರುಗಳು ಕೂಡಿ ಒಂದೇ ಮಹಾನಗರಪಾಲಿಕೆಯಾದವು. ೧೯೮೩ರಿಂದ ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದ ನೀರು, ಅಮ್ಮಿನಭಾವಿಯಲ್ಲಿ ಶುದ್ಧೀಕರಣಗೊಂಡು, ಅವಳಿ ನಗರಕ್ಕೆ ಹರಿಯತೊಡಗಿತು. ಮೂಲದ ನೀರು ಇಮ್ಮಡಿ-ಮುಮ್ಮಡಿಯಾದರೂ ಊರೊಳಗಿನ ಕೊಳವೆಯ ಜಾಲ ಹಳೆಯದಾಗಿಯೇ ಉಳಿದು, ತುಂಡುತುಂಡಾಗಿ ಬೆಳೆಯುತ್ತ ಹೋಯಿತು. ಎಲ್ಲರಿಗೂ ಒಮ್ಮೆಗೆ ನೀರು ಕೊಡುವುದು ಅಸಾಧ್ಯವಾಗಿ, ಸರದಿಯ ಮೇಲೆ ಕೊಡುವ ಪದ್ಧತಿ ನೆಲೆಗೊಂಡಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದ ಹೊತ್ತಿಗೆ ಅನೇಕ ಓಣಿಗಳಲ್ಲಿ ಹಲವು ದಿನಗಳಿಗೊಮ್ಮೆ ಕೆಲವು ತಾಸು ಮಾತ್ರ ನೀರು ಬರುತ್ತಿತ್ತು.

ನಮ್ಮ ಭಾಗದ ಮನೆಮಾತಿನಲ್ಲಿ ‘ನಳ ಬಂತು’ ಎಂದು ಹೇಳುವುದುಂಟು. ನೀರು ಬಂತೆನ್ನುವುದಿಲ್ಲ, ನಳವೇ ಬಂತೆನ್ನುತ್ತಾರೆ. ಸದಾ ಇರಬೇಕಾದ ವಸ್ತು ಅತಿಥಿಯಂತೆ ಬಂದುಹೋಗುವ ಸ್ಥಿತಿ ಭಾಷೆಯಲ್ಲಿಯೇ ಅಚ್ಚೊತ್ತಿದೆ. ನೀರು ಬಿಡುವವನು ಕವಾಟ ತಿರುವಿದ ಸುದ್ದಿ ಹಬ್ಬಿದೊಡನೆ ಕೊಡ, ಬಕೆಟ್ಟು, ಡ್ರಮ್ಮು, ಹಂಡೆಗಳೆಲ್ಲ ಹೊರಗೆ ಬರುತ್ತಿದ್ದವು. ಅನುಕೂಲವಿದ್ದವರು ನೆಲದೊಳಗೆ ಸಂಪು, ಮಾಳಿಗೆಯ ಮೇಲೆ ಟಾಕಿ ಕಟ್ಟಿಸಿಕೊಂಡರು. ಕೊಳವೆಗೆ ಮೋಟಾರು ಹಚ್ಚಿ ನೀರೆಳೆಯುವ ರೂಢಿಯೂ ಬಂತು. ಅನುಕೂಲವಿಲ್ಲದವರು ನಳವನ್ನು ತಗ್ಗಿಸಲು ಬಾಗಿಲ ಮುಂದೆ ಗುಂಡಿ ತೋಡಿಕೊಂಡರು.

ಈ ಸರದಿಯ ಪದ್ಧತಿಯಲ್ಲಿ ಕೊಳವೆಯೊಳಗೆ ಏನಾಗುತ್ತದೆಂಬುದನ್ನು ನೋಡೋಣ. ಕವಾಟ ಮುಚ್ಚಿದ ಮೇಲೆ ತಗ್ಗಿನ ಮನೆಗಳು ಕೊಳವೆಯಲ್ಲಿ ಉಳಿದ ನೀರನ್ನೆಲ್ಲ ಇಳಿಸಿಕೊಳ್ಳುತ್ತವೆ. ಕೊಳವೆ ಬರಿದಾಗಿ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆಗ ಸೋರುವ ಸಂದು ಹೀರುವ ಬಾಯಾಗಿ ಪರಿಣಮಿಸುತ್ತದೆ. ಪಕ್ಕದ ಗಟಾರದಿಂದ ನೆಲಕ್ಕಿಂಗಿದ ಹೊಲಸು ನೀರು ಅದರ ಮೂಲಕ ಒಳಬರುತ್ತದೆ. ಮೋಟಾರು ಹಚ್ಚಿ ಎಳೆದರೆ ಇನ್ನಷ್ಟು ವೇಗವಾಗಿ ಬರುತ್ತದೆ. ಅಮ್ಮಿನಭಾವಿಯಲ್ಲಿ ಶುದ್ಧವಾಗಿದ್ದ ನೀರು ಹಾದಿಯಲ್ಲಿ ಅಶುದ್ಧವಾಗುವುದು ಹೀಗೆ. ವಿಜಯಪುರದ ಶಿಲ್ಪಿಗಳು ಒತ್ತಡದ ಅತಿಯನ್ನು ಹೆದರಿದರು; ಹುಬ್ಬಳ್ಳಿ-ಧಾರವಾಡದಲ್ಲಿ ಅಪಾಯ ಬಂದದ್ದು ಒತ್ತಡದ ಅಭಾವದಿಂದ.

೭

೨೦೦೪ರಲ್ಲಿ ವಿಶ್ವ ಬ್ಯಾಂಕಿನ ಸಾಲದ ನೆರವಿನಿಂದ ಕರ್ನಾಟಕ ಸರಕಾರವು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳ ಆಯ್ದ ಭಾಗಗಳಲ್ಲಿ ದಿನದ ೨೪ ತಾಸೂ ನೀರು ಕೊಡುವ ಪ್ರಯೋಗಕ್ಕೆ ಕೈಹಾಕಿತು. ಅವಳಿ ನಗರದ ಆಗಿನ ೬೭ ವಾರ್ಡುಗಳಲ್ಲಿ ೮ ವಾರ್ಡುಗಳನ್ನು ಆರಿಸಿ, ಹಳೆಯ ಜಾಲವನ್ನು ಬಿಟ್ಟು ಪಾಲಿಎಥಿಲೀನ್ ಕೊಳವೆಗಳ ಹೊಸ ಜಾಲವನ್ನು ಹುಗಿದು, ಪ್ರತಿ ಮನೆಗೂ ಮೀಟರು ಜೋಡಿಸಿದರು. ೨೦೦೮ರಲ್ಲಿ ನಿರಂತರ ಪೂರೈಕೆ ಪ್ರಾರಂಭವಾಯಿತು. ನಗರದ ಸುಮಾರು ಹತ್ತನೆಯ ಒಂದು ಪಾಲು ಜನರಿಗೆ ಅದು ದೊರೆಯಿತು. ಉಳಿದ ವಾರ್ಡುಗಳಲ್ಲಿ ಸರದಿಯೇ ಮುಂದುವರಿಯಿತು. ಒಂದೇ ನಗರದಲ್ಲಿ, ಒಂದೇ ಮೂಲದ ನೀರಿಗೆ, ಎರಡು ವ್ಯವಸ್ಥೆಗಳು ಅಕ್ಕಪಕ್ಕದಲ್ಲಿ ನಡೆದ ಈ ಸನ್ನಿವೇಶ ಸಂಶೋಧಕರಿಗೆ ಅಪೂರ್ವವಾದ ಅವಕಾಶವನ್ನು ಒದಗಿಸಿತು.

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿಯ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಇಲ್ಲಿ ಒಂದು ವರ್ಷ ಕಾಲ ನೀರಿನ ಮಾದರಿಗಳನ್ನು ಪರೀಕ್ಷಿಸಿ ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಊರಿನ ಸಂಗ್ರಹಾಗಾರಗಳಲ್ಲಿ ಎರಡೂ ಭಾಗದ ನೀರಿನ ಗುಣ ಒಂದೇ ತೆರನಾಗಿತ್ತು. ಆದರೆ ಮಲದ ಸಂಪರ್ಕವನ್ನು ಸೂಚಿಸುವ ಈ. ಕೋಲೈ ಎಂಬ ಜೀವಾಣು ಸರದಿಯ ವಾರ್ಡುಗಳ ನಳದ ಮಾದರಿಗಳಲ್ಲಿ ಶೇಕಡ ೩೧.೭ರಲ್ಲಿ ಕಂಡುಬಂದರೆ, ನಿರಂತರ ಪೂರೈಕೆಯ ನಳಗಳಲ್ಲಿ ಶೇಕಡ ೦.೭ರಲ್ಲಿ ಮಾತ್ರ ಕಂಡುಬಂದಿತು. ನೀರು ಕೆಟ್ಟದ್ದು ಮೂಲದಲ್ಲಿ ಅಲ್ಲ, ಸಂಗ್ರಹಾಗಾರಕ್ಕೂ ನಳಕ್ಕೂ ನಡುವೆ ಹುಗಿದ ಕೊಳವೆಯಲ್ಲಿ ಎಂಬುದು ಇದರಿಂದ ಸಿದ್ಧಪಟ್ಟಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ಆ ೮ ವಾರ್ಡುಗಳಲ್ಲಿ ಕೊಳವೆಯೂ ಹೊಸದು, ಒತ್ತಡವೂ ನಿರಂತರ. ಹಾಗಿದ್ದಮೇಲೆ ಶುದ್ಧಿಯ ಶ್ರೇಯಸ್ಸು ಪ್ಲಾಸ್ಟಿಕಿಗೋ ಒತ್ತಡಕ್ಕೋ? ಪ್ರಶ್ನೆ ನ್ಯಾಯವಾದುದು. ಎರಡನ್ನೂ ಒಟ್ಟಿಗೆ ಬದಲಿಸಿದ ಪ್ರಯೋಗದಿಂದ ಒಂದರ ಪಾಲನ್ನು ಬೇರ್ಪಡಿಸುವುದು ಕಠಿಣ. ಆದರೆ ಅದೇ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವು ದಾರಿ ತೋರಿಸುತ್ತದೆ. ಅದರಲ್ಲಿ ಅವರು ಸರದಿಯ ಕೊಳವೆಗಳನ್ನೇ, ನೀರು ಬಿಟ್ಟ ಗಳಿಗೆಯಿಂದ ನಿಲ್ಲುವವರೆಗೆ, ಪರೀಕ್ಷಿಸಿದರು. ಮೊದಲು ಬಂದ ನೀರಿನಲ್ಲಿಯೂ ಒತ್ತಡ ಕಡಿಮೆಯಿದ್ದಾಗ ಬಂದ ನೀರಿನಲ್ಲಿಯೂ ಜೀವಾಣುಗಳು ಹೆಚ್ಚು. ಒತ್ತಡ ಏರಿ ಸ್ಥಿರವಾಗಿ ನಿಂತಾಗ ಅವು ಕಡಿಮೆ. ಕೊಳವೆ ಅದೇ, ನೆಲ ಅದೇ, ಗಟಾರವೂ ಅದೇ. ಬದಲಾದದ್ದು ಒತ್ತಡ ಒಂದೇ. ನಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಬೇರೆ ದೊರೆಯಲಾರದು.

ಕೊಳವೆಯ ಕಡೆಯಿಂದ ಮನೆಯ ಕಡೆಗೆ ತಿರುಗಿದರೆ ಚಿತ್ರ ಇಷ್ಟು ಸರಳವಲ್ಲ. ನಿರಂತರ ನೀರಿದ್ದ ಮನೆಗಳಲ್ಲಿಯೂ ಬಹುಪಾಲು ಜನರು ಹಿಂದಿನಂತೆಯೇ ಕುಡಿಯುವ ನೀರನ್ನು ತುಂಬಿಟ್ಟುಕೊಳ್ಳುತ್ತಿದ್ದ ಕಾರಣ ಅದು ಕೊಡದಲ್ಲಿ ಮತ್ತೆ ಕೆಡುತ್ತಿತ್ತು. ಐಶೆ ಎರ್ಜುಮೆನ್ ಮತ್ತು ಸಂಗಡಿಗರು ಅವಳಿ ನಗರದ ೩,೯೨೨ ಮನೆಗಳನ್ನು ಅಭ್ಯಸಿಸಿ ೨೦೧೫ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮಕ್ಕಳ ಸಾಮಾನ್ಯ ಬೇಧಿಯಲ್ಲಿ ಎರಡು ಭಾಗಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಬಡಕುಟುಂಬಗಳ ಮಕ್ಕಳಲ್ಲಿ ರಕ್ತಬೇಧಿ ಕಡಿಮೆಯಾಗಿತ್ತು. ಟೈಫಾಯಿಡ್ ಜ್ವರ ತಗುಲಿದ ಮನೆಗಳು ನಿರಂತರ ಪೂರೈಕೆಯ ಭಾಗದಲ್ಲಿ ಶೇಕಡ ೪೨ರಷ್ಟು ಕಡಿಮೆಯಿದ್ದವು. ಕೊಳವೆಯ ಸುರಕ್ಷತೆ ಆರೋಗ್ಯದ ಒಂದು ಭಾಗವೇ ಹೊರತು ಸರ್ವಸ್ವವಲ್ಲ. ಆದರೂ ಅದರ ಮೊದಲ ಫಲ ಮುಟ್ಟಿದ್ದು ಶಕ್ತಿಹೀನರನ್ನು ಎಂಬುದು ಸ್ಮರಣೀಯವಾಗಿದೆ. ಸಂಪು-ಟಾಕಿಗಳನ್ನು ಕಟ್ಟಿಸಿಕೊಳ್ಳಬಲ್ಲವನು ಒತ್ತಡದ ಅಭಾವವನ್ನು ಹಣದಿಂದ ತುಂಬಿಕೊಳ್ಳುತ್ತಾನೆ. ಆಗದವನು ಅದರ ಬೆಲೆಯನ್ನು ಮೈಯಿಂದ ತೆರುತ್ತಾನೆ.

೮

ಪ್ಲಾಸ್ಟಿಕ್ ಕೊಳವೆಯೂ ಒತ್ತಡ ಕಳೆದುಕೊಂಡಾಗ ಅಪಾಯಕಾರಿಯೇ ಆಗುತ್ತದೆಂಬುದಕ್ಕೆ ಹೊರನಾಡಿನ ಒಂದು ನಿದರ್ಶನವುಂಟು. ಕ್ಯಾಲಿಫೋರ್ನಿಯದಲ್ಲಿ ೨೦೧೭ರಲ್ಲಿ ಸಾಂತಾ ರೋಸಾ ನಗರವನ್ನೂ ೨೦೧೮ರಲ್ಲಿ ಪ್ಯಾರಡೈಸ್ ಎಂಬ ಊರನ್ನೂ ಕಾಡ್ಗಿಚ್ಚು ಸುಟ್ಟಾಗ, ನೀರಿನ ಜಾಲ ಒತ್ತಡ ಕಳೆದುಕೊಂಡಿತು. ಅನಂತರ ಕೊಳವೆಗಳ ನೀರಿನಲ್ಲಿ ಬೆಂಜೀನ್ ಎಂಬ ವಿಷ ಕಂಡುಬಂದಿತು. ಬರಿದಾದ ಕೊಳವೆಗಳು ಹೊಗೆಯನ್ನು ಹೀರಿದ್ದೂ ಬೆಂದ ಪ್ಲಾಸ್ಟಿಕೂ ಅದಕ್ಕೆ ಕಾರಣವೆಂದು ತಜ್ಞರು ಸೂಚಿಸಿದ್ದಾರೆ.

ಮೇಲಿನ ಪರಿಶೀಲನೆಯಿಂದ ನಾವು ಈ ನಿರ್ಣಯಗಳಿಗೆ ಬರಬಹುದು. ಮಣ್ಣಿನ ಕೊಳವೆ ಗಂಜುಗಳ ನೆರವಿನಿಂದ ಒಂದು ರಾಜಧಾನಿಗೆ ನೀರು ಕೊಟ್ಟಿತು; ಲೆವಿಟ್‌ಟೌನಿನ ತಾಮ್ರ ಕಾಂಕ್ರೀಟಿನೊಳಗೆ ಸವೆದುಹೋಯಿತು; ಒಂದೇ ನಗರದ ಒಂದೇ ಕೊಳವೆ ಒತ್ತಡವಿದ್ದಾಗ ಅಮೃತವನ್ನೂ ಇಲ್ಲದಾಗ ರೋಗವನ್ನೂ ಹಂಚಿತು. ಆದುದರಿಂದ ಕೊಳವೆಯ ಸುರಕ್ಷತೆ ಅದರ ವಸ್ತುವಿನಲ್ಲಿ ಅಡಗಿಲ್ಲ. ಒತ್ತಡವನ್ನು ಅತಿಯಾಗಗೊಡದ, ಇಲ್ಲದಂತೆಯೂ ಆಗಗೊಡದ ವ್ಯವಸ್ಥೆ, ಮತ್ತು ಆ ವ್ಯವಸ್ಥೆಯನ್ನು ದಿನದಿನವೂ ನೋಡಿಕೊಳ್ಳುವ ಜನ, ಇವೆರಡರಲ್ಲಿ ಅದು ನೆಲೆಸಿದೆ. ಉತ್ತಮವಾದ ವಸ್ತು ಆ ಜನರ ಕೆಲಸವನ್ನು ಹಗುರಗೊಳಿಸುತ್ತದೆ. ಅವರ ಸ್ಥಾನವನ್ನು ತುಂಬಲಾರದು.

ಇಡೀ ಅವಳಿ ನಗರಕ್ಕೆ ನಿರಂತರ ಪೂರೈಕೆಯನ್ನು ವಿಸ್ತರಿಸುವ ಯೋಜನೆಗೆ ೨೦೧೬ರಲ್ಲಿ ವಿಶ್ವ ಬ್ಯಾಂಕು ಸಾಲ ಮಂಜೂರು ಮಾಡಿತು. ಅಂಥ ಯೋಜನೆಗಳನ್ನು ಅಳೆಯುವಾಗ ಎಷ್ಟು ಕಿಲೋಮೀಟರು ಕೊಳವೆ ಹುಗಿದರೆಂಬ ಲೆಕ್ಕವೊಂದೇ ಸಾಲದು. ಪ್ರತಿ ಓಣಿಯ ಕೊನೆಯ ನಳದಲ್ಲಿ, ರಾತ್ರಿಯೂ ಹಗಲೂ, ಒತ್ತಡ ಎಷ್ಟಿತ್ತೆಂಬ ಲೆಕ್ಕವೂ ಬೇಕು. ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲಿ ಮಾಡತಕ್ಕ ಕೆಲಸವಿದೆ. ಪುರಸಭೆಯ ಹಳೆಯ ನಕಾಶೆಗಳನ್ನೂ ದಫ್ತರಗಳನ್ನೂ ಸಂಗ್ರಹಿಸಿ, ಯಾವ ಓಣಿಯಲ್ಲಿ ಯಾವ ಕೊಳವೆ ಯಾವಾಗ ಹುಗಿಯಲಾಯಿತೆಂಬುದನ್ನು ದಾಖಲಿಸುವುದು, ಮತ್ತು ದಶಕಗಳಿಂದ ನೀರು ಬಿಡುತ್ತ ಬಂದವರ ಬಾಯಿಯಿಂದ ಲಿಖಿತವಲ್ಲದ ಮಾಹಿತಿಯನ್ನು ಬರೆದುಕೊಳ್ಳುವುದು. ಕೆರೆಯ ತೂಬಿಗೆ ಶಾಸನ ಬರೆಯಿಸಿದ ನಾಡಿನಲ್ಲಿ ಊರೊಳಗಿನ ಕೊಳವೆಗೂ ಒಂದು ಬರಹ ಇರುವುದು ಯೋಗ್ಯವಾದುದೇ ಆಗಿದೆ.